ಕವಡೆಯಿಂದ ಇಪ್ಪತ್ತು ಮುಖದ ದಾಳದವರೆಗೆ: ಮನೆಯಲ್ಲೇ ಆಟದ ಸಂಜೆ ನಡೆಸುವುದು ಹೇಗೆ

ಮೂರು ವರ್ಷದ ಹಿಂದೆ ದೀಪಾವಳಿಗೆ ಅಕ್ಕನ ಮನೆಗೆ ಹೋಗುವಾಗ ಮೂರು ಕಿಲೋ ತೂಕದ ಆಟದ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ಹೋಗಿದ್ದೆ. ಊಟ ಆದ ಮೇಲೆ ಎಲ್ಲರನ್ನೂ ಕೂರಿಸಿ ನಿಯಮ ಓದಲು ಶುರು ಮಾಡಿದೆ. ಮುಕ್ಕಾಲು ಗಂಟೆ ಓದಿದೆ. ತಲೆ ಎತ್ತಿ ನೋಡಿದರೆ ಭಾವ ಗೊರಕೆ ಹೊಡೆಯುತ್ತಿದ್ದರು. ಅಕ್ಕ ಕಾಫಿ ನೆಪದಲ್ಲಿ ಅಡುಗೆಮನೆ ಸೇರಿದ್ದಳು. ಅವಳ ಮಗಳು ಮೊಬೈಲಿನಲ್ಲಿ ಮುಳುಗಿದ್ದಳು. ಎಚ್ಚರ ಇದ್ದವಳು ಅಮ್ಮ ಒಬ್ಬಳೇ. "ಇದೆಲ್ಲ ಬೇಡ ಕಣೋ, ಒಳಗೆ ಕವಡೆ ಇದ್ಯಾ ನೋಡು" ಅಂದಳು.

ಕವಡೆ ಇತ್ತು. ಅವತ್ತು ರಾತ್ರಿ ಹನ್ನೊಂದರವರೆಗೆ ಚೌಕಾಬಾರ ನಡೆಯಿತು. ಭಾವನ ನಿದ್ದೆ ಹಾರಿಹೋಗಿತ್ತು.

ಈಗ ಅದೇ ಜನ ತಿಂಗಳಿಗೊಂದು ಸಲ ಕೂತು ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಆಡುತ್ತಾರೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆದು ಕಥೆ ಕಟ್ಟುವ ಆಟ ಅದು. ಚೌಕಾಬಾರದಿಂದ ಅಲ್ಲಿಗೆ ಹೋಗಿದ್ದು ಒಂದೇ ಜಿಗಿತಕ್ಕಲ್ಲ, ಮೆಟ್ಟಿಲು ಹತ್ತಿದ ಹಾಗೆ. ನಾನು ಕಲಿತ ಗುಟ್ಟು ಇಷ್ಟೇ: ಒಂದು ಸಲಕ್ಕೆ ಒಂದೇ ಹೊಸ ವಿಷಯ. ಗೊತ್ತಿರುವ ಆಟದ ಪಕ್ಕದಲ್ಲಿ, ಒಂದೇ ಒಂದು ಹೊಸತು ಇರುವ ಆಟ ಇಡಬೇಕು. ಆ ಮೆಟ್ಟಿಲುಗಳನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಹೆಜ್ಜೆ 1: ಜಾಗ, ಫ್ಯಾನು, ತಿಂಡಿ

ಮೇಜೇ ಬೇಕು ಅಂತಿಲ್ಲ. ನೆಲದ ಮೇಲೆ ಚಾಪೆ, ಅದರ ಮೇಲೆ ದಪ್ಪ ಬೆಡ್‌ಶೀಟು ಹಾಸಿದರೆ ಸಾಕು. ದಾಳ ಜಾಸ್ತಿ ದೂರ ಉರುಳುವುದಿಲ್ಲ, ಇಸ್ಪೀಟಿನ ಎಲೆ ಎತ್ತುವುದೂ ಸುಲಭ. ಮಂಡಿನೋವು ಇರುವವರಿಗೆ ಮಾತ್ರ ಮೇಜು, ಕುರ್ಚಿ ಹಾಕಿ. ಸೀಲಿಂಗ್ ಫ್ಯಾನ್ ದೊಡ್ಡ ಶತ್ರು. ಅದನ್ನು ಒಂದರಲ್ಲಿ ಇಡಿ, ಇಲ್ಲದಿದ್ದರೆ ಎಲೆಗಳೆಲ್ಲ ಹಾರುತ್ತವೆ.

ತಿಂಡಿಗೆ ಬೋಂಡ, ಬಜ್ಜಿ ಬೇಡ. ಎಣ್ಣೆ ಕೈಯಲ್ಲಿ ಎಲೆ ಮುಟ್ಟಿದರೆ ಅದರ ಬೆನ್ನಿನ ಮೇಲೆ ಗುರುತು ಉಳಿಯುತ್ತದೆ. ಆಮೇಲೆ ಅದು ಯಾವ ಎಲೆ ಅಂತ ಎಲ್ಲರಿಗೂ ಗೊತ್ತು. ಕಡ್ಲೆಪುರಿಯನ್ನು ಬಟ್ಟಲಿಗೆ ಹಾಕಿ ಚಮಚ ಕೊಡಿ. ಮಲೆನಾಡು, ಕರಾವಳಿಯಲ್ಲಿ ಇರುವವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಎಲೆಗಳು ಬಾಗುತ್ತವೆ. ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಚೀಟಿಗಳನ್ನು ಎಸೆಯದೆ ಆಟದ ಪೆಟ್ಟಿಗೆಯೊಳಗೆ ಹಾಕಿಡಿ.

ಹೆಜ್ಜೆ 2: ಚೌಕಾಬಾರದಿಂದ ಶುರು ಮಾಡಿ

ಇದಕ್ಕೆ ಖರ್ಚಿಲ್ಲ. ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆಯಿರಿ. ನಾಲ್ಕೂ ಬದಿಯ ನಡುವಿನ ಮನೆಗೆ ಮತ್ತು ಸರಿಯಾಗಿ ಮಧ್ಯದ ಮನೆಗೆ ಕತ್ತರಿ ಗುರುತು ಹಾಕಿ. ಈ ಗುರುತಿನ ಮನೆಗಳೇ ಕಟ್ಟೆ. ಕಟ್ಟೆಯ ಮೇಲೆ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಒಬ್ಬರಿಗೆ ನಾಲ್ಕು ಕಾಯಿ: ಬಳೆ ಚೂರು, ಗುಂಡಿ, ಕಲ್ಲು, ಹುಣಸೆ ಬೀಜ, ಯಾವುದಾದರೂ ಸರಿ.

ನಾಲ್ಕು ಕವಡೆ ಎಸೆಯಿರಿ. ಎಷ್ಟು ಬಾಯಿ ಮೇಲಾಗಿ ಬಿದ್ದಿವೆಯೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಎಂಟು, ಅದೇ ಭಾರ. ಚೌಕ, ಭಾರ ಬಿದ್ದರೆ ಇನ್ನೊಮ್ಮೆ ಎಸೆಯಬಹುದು. ಕವಡೆ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಮೈಯನ್ನು ನೆಲಕ್ಕೆ ತಿಕ್ಕಿ ಬೆಳ್ಳಗೆ ಮಾಡಿಕೊಳ್ಳಿ. ಕಾಯಿ ಹೊರಗಿನ ಸಾಲಿನಲ್ಲಿ ಒಂದು ಸುತ್ತು ಹೋಗಿ, ಒಳಗಿನ ಸಾಲಿಗೆ ಇಳಿದು ಉಲ್ಟಾ ದಿಕ್ಕಿನಲ್ಲಿ ಸುತ್ತಿ, ಮಧ್ಯದ ಮನೆಗೆ ಸೇರಿದರೆ ಹಣ್ಣು. ಕಾಯಿ ಹಣ್ಣಾಗುವುದು ಅನ್ನುವ ಮಾತಿಗಿಂತ ಚೆಂದದ ಗೆಲುವಿನ ಮಾತು ನಾನು ಬೇರೆ ಯಾವ ಆಟದಲ್ಲೂ ಕೇಳಿಲ್ಲ.

ಉಳಿದ ನಿಯಮ ಮನೆಮನೆಗೂ ಬೇರೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸಾಲಿಗೆ ಹೋಗುವಂತಿಲ್ಲ ಅನ್ನುವವರಿದ್ದಾರೆ. ಎರಡು ಕಾಯಿ ಒಂದೇ ಮನೆಯಲ್ಲಿ ಕೂತರೆ ಗಟ್ಟಿ, ಅದನ್ನು ಒಂಟಿ ಕಾಯಿ ಹೊಡೆಯಲಾರದು ಅನ್ನುವವರಿದ್ದಾರೆ. ಆದ್ದರಿಂದ ಮೊದಲ ಕವಡೆ ಬೀಳುವ ಮುಂಚೆಯೇ "ನಿಮ್ಮ ಮನೇಲಿ ಹೇಗೆ?" ಅಂತ ಕೇಳಿ ತೀರ್ಮಾನ ಮಾಡಿಕೊಳ್ಳಿ. ಇದನ್ನು ಮರೆತರೆ ನಡುವೆ ಜಗಳ ಗ್ಯಾರಂಟಿ.

ಮಕ್ಕಳಿಗೆ ಒಂದು ಲೆಕ್ಕ ತೋರಿಸಿ. ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಕವಡೆ ಎರಡೂ ಕಡೆಗೆ ಸಮವಾಗಿ ಬೀಳುತ್ತದೆ ಅಂದುಕೊಂಡರೆ, ಎರಡು ಬೀಳಲು 6 ದಾರಿ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೂ ಭಾರಕ್ಕೂ ಒಂದೊಂದೇ. ನಿಜವಾದ ಕವಡೆ ಅಷ್ಟು ಸಮವಾಗಿರುವುದಿಲ್ಲ. ನೂರು ಸಲ ಎಸೆದು ಬರೆದುಕೊಂಡರೆ ನಿಮ್ಮ ಮನೆ ಕವಡೆಯ ಸ್ವಭಾವ ತಿಳಿಯುತ್ತದೆ. ಮುಂದೆ ಇಪ್ಪತ್ತು ಮುಖದ ದಾಳ ಕೈಗೆ ಬಂದಾಗ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ಇಂಥ ಆಟಗಳನ್ನು ಹಳೇ ಕಾಲದ ಅಜ್ಜಿಯರ ಕಾಲಹರಣ ಅಂತ ತಳ್ಳಿಹಾಕಬೇಡಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ಹುಚ್ಚಿದ್ದ ಅರಸರು. ಅವರ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಕೌತುಕನಿಧಿ ಅನ್ನುವ ಇಡೀ ಒಂದು ಭಾಗ ಆಟಗಳದ್ದೇ. ಇವತ್ತೂ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾಕೌಶಲ್ಯ ಹೆಸರಿನ ಪ್ರದರ್ಶನದಲ್ಲಿ ಪಗಡೆ ಹಾಸು, ಅಳಗುಳಿ ಮಣೆಗಳನ್ನು ಹೊಸದಾಗಿ ಮಾಡಿಸಿ ಇಡುತ್ತಾರೆ. ಅಂದ ಹಾಗೆ, ಅಳಗುಳಿ ಮಣೆ ಇಬ್ಬರಿಗೆ ಬಹಳ ಒಳ್ಳೆಯ ಆಟ. ತುಳುನಾಡಿನವರಿಗೆ ಅದು ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಅದರಲ್ಲಿ ದಾಳವೇ ಇಲ್ಲ, ಪೂರ್ತಿ ಲೆಕ್ಕ.

ಹೆಜ್ಜೆ 3: ನಡುವೆ ಒಂದು ಜಿಗ್ಸಾ

ಗೆಲುವು ಸೋಲು ಆಗದವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಜಿಗ್ಸಾ, ಅಂದರೆ ಚೂರು ಜೋಡಿಸಿ ಚಿತ್ರ ಮಾಡುವ ಆಟ ಕೊಡಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಮರದ ಹಲಗೆಗೆ ನಕ್ಷೆ ಅಂಟಿಸಿ ದೇಶದೇಶವಾಗಿ ಕತ್ತರಿಸಿದ್ದು, ಮಕ್ಕಳಿಗೆ ಭೂಗೋಳ ಕಲಿಸಲು. ಜಿಗ್ಸಾ ಶುರುವಾಗಿದ್ದು ಹಾಗೆ. ಮೊದಲ ಸಲ 500 ಚೂರಿಗಿಂತ ಜಾಸ್ತಿ ತರಬೇಡಿ. 1000 ಚೂರಿನದು ಸುಮಾರು 70 ಸೆಂಟಿಮೀಟರ್ ಉದ್ದ, 50 ಅಗಲ ಆಗುತ್ತದೆ. ಊಟದ ಮೇಜಿನ ಮೇಲೆ ಹರಡಿಟ್ಟರೆ ವಾರಪೂರ್ತಿ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣಬೇಕು. ಒಂದು ಪ್ಲೈವುಡ್ ಹಲಗೆಯ ಮೇಲೆ ಜೋಡಿಸಿ, ರಾತ್ರಿ ಮಂಚದ ಕೆಳಗೆ ತಳ್ಳಿ.

ಎಲ್ಲ ಚೂರನ್ನೂ ಮುಖ ಮೇಲೆ ಮಾಡಿ. ಅಂಚು ನೇರ ಇರುವವನ್ನು ಆರಿಸಿ ಚೌಕಟ್ಟು ಕಟ್ಟಿ. ಉಳಿದವನ್ನು ಬಣ್ಣದ ಪ್ರಕಾರ ತಟ್ಟೆಗಳಲ್ಲಿ ಹಾಕಿ. ಆಕಾಶವನ್ನು ಕೊನೆಗೆ ಬಿಡಿ. ಅಲ್ಲಿ ಬಣ್ಣ ನೆರವಿಗೆ ಬರುವುದಿಲ್ಲ, ಚೂರಿನ ಆಕಾರ ನೋಡಿಯೇ ಹೊಂದಿಸಬೇಕು.

ಹೆಜ್ಜೆ 4: ಇಸ್ಪೀಟ್, ಆದರೆ ದುಡ್ಡಿಲ್ಲದೆ

ಇಸ್ಪೀಟ್ ಅಂದ ಕೂಡಲೇ ಮನೆಯಲ್ಲಿ ಹಿರಿಯರ ಮುಖ ಬಿಗಿಯುವುದುಂಟು. ತಪ್ಪು ಎಲೆಗಳದ್ದಲ್ಲ, ಪಣದ್ದು. ಧರ್ಮರಾಯನ ಕಥೆ ಗೊತ್ತಿರುವ ನಾಡು ನಮ್ಮದು. ನಮ್ಮಲ್ಲಿ ಸೋತವರು ಕಾಫಿ ಲೋಟ ತೊಳೆಯಬೇಕು, ಅಷ್ಟೇ ಪಣ.

ಮಕ್ಕಳಿದ್ದರೆ ಕತ್ತೆ ಆಟದಿಂದ ಶುರು ಮಾಡಿ. ದೊಡ್ಡವರು ನಾಲ್ಕು ಜನ ಇದ್ದರೆ ನನ್ನ ಆಯ್ಕೆ ಇಪ್ಪತ್ತೆಂಟು. ಎದುರುಬದುರು ಕೂತವರು ಜೊತೆ. ಇಲ್ಲಿ ಹೊಸ ವಿಷಯ ಅದೇ: ಜೊತೆಗಾರ ಏನು ಹಿಡಿದಿದ್ದಾನೆ ಅಂತ ಬಾಯಿ ಬಿಡದೆ ಊಹಿಸಬೇಕು.

ಎರಡರಿಂದ ಆರರವರೆಗಿನ ಎಲೆ ತೆಗೆದಿಡಿ. 32 ಉಳಿಯುತ್ತವೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ರಾಜ, ರಾಣಿ, ಎಂಟು, ಏಳಕ್ಕೆ ಏನೂ ಇಲ್ಲ. ಇಸ್ಪೀಟು, ಆಟೀನು, ಡೈಮಂಡು, ಕಳಾವರ ನಾಲ್ಕೂ ಸೇರಿ 28, ಆಟದ ಹೆಸರು ಬಂದಿದ್ದು ಅಲ್ಲಿಂದ. ಎಲೆಗಳ ಬಲವೂ ಇದೇ ಕ್ರಮದಲ್ಲಿ: ಗುಲಾಮ ಎಲ್ಲಕ್ಕಿಂತ ದೊಡ್ಡದು, ಏಳು ಚಿಕ್ಕದು. ರಾಜನನ್ನು ಗುಲಾಮ ಹೊಡೆಯುತ್ತಾನೆ ಅನ್ನುವುದನ್ನು ಒಪ್ಪಿಕೊಳ್ಳಲು ಹೊಸಬರಿಗೆ ಸ್ವಲ್ಪ ಹೊತ್ತು ಬೇಕು.

ಮೊದಲು ನಾಲ್ಕು ನಾಲ್ಕು ಎಲೆ ಹಂಚಿ. ಅದನ್ನು ನೋಡಿ ಎಷ್ಟು ಗಳಿಸುತ್ತೇವೆ ಅಂತ ಕೂಗಬೇಕು, 14ರಿಂದ ಮೇಲೆ. ಹೆಚ್ಚು ಕೂಗಿದವರು ತಮ್ಮ ಒಂದು ಎಲೆಯನ್ನು ಬೋರಲಾಗಿ ಇಡುತ್ತಾರೆ. ಅದರ ಜಾತಿಯೇ ತುರುಪು, ಅಂದರೆ ಬೇರೆ ಜಾತಿಯ ಎಲೆಗಳನ್ನೆಲ್ಲ ಹೊಡೆಯುವ ಜಾತಿ. ಆಮೇಲೆ ಉಳಿದ ನಾಲ್ಕು ನಾಲ್ಕು ಹಂಚಿ. ಮೊದಲು ಇಳಿದ ಎಲೆಯ ಜಾತಿಯನ್ನೇ ಎಲ್ಲರೂ ಹಾಕಬೇಕು. ಆ ಜಾತಿ ಕೈಯಲ್ಲಿ ಇಲ್ಲದವರು ತುರುಪು ತೋರಿಸಲು ಕೇಳಬಹುದು. ನಾಲ್ಕು ಎಲೆ ಬಿದ್ದರೆ ಒಂದು ಸುತ್ತು, ದೊಡ್ಡ ಎಲೆಯವರಿಗೆ ಆ ನಾಲ್ಕೂ. ಎಂಟು ಸುತ್ತಾದ ಮೇಲೆ ಎಣಿಸಿ. ಕೂಗಿದಷ್ಟು ಬಂದಿದ್ದರೆ ಗೆದ್ದಿರಿ.

ಕಲಿಸುವಾಗ ಮೊದಲ ಎರಡು ಆಟ ಎಲ್ಲರ ಎಲೆಗಳನ್ನೂ ಬಿಚ್ಚಿಟ್ಟು ಆಡಿ. ಬಾಯಲ್ಲಿ ಹೇಳಿದ ಹತ್ತು ನಿಮಿಷದ ಪಾಠಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಈ ಎಲೆಗಳು ಬರುವ ಮುಂಚೆ ನಮ್ಮಲ್ಲಿ ಗಂಜೀಫಾ ಇತ್ತು. ಎಲೆಗಳು ದುಂಡಗೆ, ಕೈಯಲ್ಲಿ ಬಿಡಿಸಿದ ಚಿತ್ರ. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಮೈಸೂರು ಗಂಜೀಫಾಕ್ಕೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ಅದನ್ನು ಗೋಡೆಗೆ ತೂಗುಹಾಕುವವರೇ ಜಾಸ್ತಿ, ಆಡುವವರು ಕಡಿಮೆ. ಇದು ನನ್ನ ಒಂದು ಸಣ್ಣ ಕೊರಗು.

ಹೆಜ್ಜೆ 5: ಚೀಟಿಯಲ್ಲಿ ಕನ್ನಡ ಪದದ ಆಟ

ಕೋಡ್‌ನೇಮ್ಸ್ ಅಂತ ಒಂದು ಆಟ ಇದೆ. ಜೆಕ್ ದೇಶದ ವ್ಲಾದಾ ಹ್ವಾಟಿಲ್ ಮಾಡಿದ್ದು. 2016ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಬಂತು. ಪೆಟ್ಟಿಗೆಯಲ್ಲಿರುವುದು ಇಂಗ್ಲಿಷ್ ಪದ, ಅಮ್ಮನಿಗೆ ಆಗುವುದಿಲ್ಲ. ಹಳೇ ಮದುವೆ ಕರೆಯೋಲೆಗಳನ್ನು ಕತ್ತರಿಸಿ ನಾವೇ ನೂರು ಚೀಟಿ ಮಾಡಿಕೊಂಡೆವು. ಕನ್ನಡದಲ್ಲಿ ಇದು ಇನ್ನೂ ರುಚಿ, ಯಾಕೆಂದರೆ ಎರಡೆರಡು ಅರ್ಥದ ಪದ ನಮ್ಮಲ್ಲಿ ಬೇಕಾದಷ್ಟಿವೆ. ಕಾಲು, ಹತ್ತು, ಅರಸು, ಮುತ್ತು, ಕೆರೆ, ಅಡಿ, ಕರಿ, ಎಲೆ, ಕಾಯಿ, ಬೆಳೆ, ಸುತ್ತು, ಕಾಡು. ಇಂಥವನ್ನೇ ಆರಿಸಿ ಬರೆಯಿರಿ.

25 ಚೀಟಿಯನ್ನು ಐದೈದರ ಸಾಲಿನಲ್ಲಿ ಹರಡಿ. ಎರಡು ಗುಂಪು ಮಾಡಿ. ಗುಂಪಿಗೊಬ್ಬರು ಸುಳಿವು ಕೊಡುವವರು. ಅವರಿಬ್ಬರ ಮುಂದೆ ಮಾತ್ರ ಒಂದು ಗುಟ್ಟಿನ ನಕ್ಷೆ: 9 ಪದ ಮೊದಲು ಆಡುವ ಗುಂಪಿನದು, 8 ಇನ್ನೊಂದರದು, 7 ಯಾರದ್ದೂ ಅಲ್ಲ, 1 ವಿಷ. ಸುಳಿವು ಅಂದರೆ ಒಂದು ಪದ, ಒಂದು ಸಂಖ್ಯೆ. "ಗಣಿತ, ಎರಡು" ಅಂದರೆ ಹತ್ತು ಮತ್ತು ಕಾಲು ಇರಬಹುದು. "ಅಡುಗೆ, ಎರಡು" ಅಂದರೆ ಕರಿ ಮತ್ತು ಕಾಯಿ. ಗುಂಪಿನವರು ಒಂದೊಂದಾಗಿ ಮುಟ್ಟಿ ತೋರಿಸಬೇಕು. ತಪ್ಪಾದರೆ ಸರದಿ ಮುಗಿಯಿತು. ವಿಷದ ಪದ ಮುಟ್ಟಿದರೆ ಆಟವೇ ಹೋಯಿತು.

ಹಾಸಿನ ಮೇಲಿರುವ ಪದವನ್ನೇ ವಿಭಕ್ತಿ ಬದಲಿಸಿ ಸುಳಿವಾಗಿ ಹೇಳುವಂತಿಲ್ಲ. "ಕಾಡು" ಇದ್ದರೆ "ಕಾಡಿನ" ಅನ್ನಬಾರದು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನಮ್ಮ ಗುಂಪಿಗೆ ಸೇರಿದ್ದು ಈ ಆಟದಿಂದ. ವಿಭಕ್ತಿ ನಿಯಮ ಬರೆದಿಟ್ಟವರೂ ಅವರೇ.

ಹೆಜ್ಜೆ 6: ಈಗ ಅಂಗಡಿಯ ಪೆಟ್ಟಿಗೆ

ಇಷ್ಟಾದ ಮೇಲೆ ದುಡ್ಡು ಖರ್ಚು ಮಾಡಿ, ಮುಂಚೆ ಬೇಡ. ಸಾಧ್ಯವಾದರೆ ಗೆಳೆಯರಿಂದ ಎರವಲು ತಂದು ಒಮ್ಮೆ ಆಡಿ ನೋಡಿ. ಬೆಂಗಳೂರಿನಲ್ಲಿ ಇದಕ್ಕೆಂದೇ ಕೆಫೆಗಳಿವೆ.

ಕಟಾನ್: ಜರ್ಮನಿಯ ಕ್ಲೌಸ್ ಟೊಯ್ಬರ್ 1995ರಲ್ಲಿ ತಂದ ಆಟ, ಮೂರು ಅಥವಾ ನಾಲ್ಕು ಜನಕ್ಕೆ. ಇಲ್ಲಿ ಹೊಸತು ಚೌಕಾಸಿ. ನಿಮ್ಮ ಹತ್ತಿರ ಕುರಿ ಇದೆ, ಇಟ್ಟಿಗೆ ಬೇಕು. ಎದುರಿನವರ ಹತ್ತಿರ ಇಟ್ಟಿಗೆ ಇದೆ, ಕುರಿ ಬೇಡ. ಸಂತೆಯಲ್ಲಿ ಪಳಗಿದ ಅಕ್ಕ ಮೊದಲ ದಿನವೇ ಗೆದ್ದಳು. ಹೊಸಬರಿಗೆ ಒಂದೇ ಕಿವಿಮಾತು: ಶುರುವಿನ ಮನೆಗಳನ್ನು ಹಲಗೆಯ ಮೇಲೆ 6 ಮತ್ತು 8 ಅಂತ ಬರೆದಿರುವ ಜಾಗಗಳ ಪಕ್ಕ ಕಟ್ಟಿ, ದಾಳದಲ್ಲಿ ಆ ಸಂಖ್ಯೆ ಬಿದ್ದಾಗಲೇ ಅಲ್ಲಿಂದ ಸಾಮಾನು ಸಿಗುವುದು. ಎರಡು ದಾಳ ಹಾಕಿದಾಗ 36ರಲ್ಲಿ 5 ಸಲ 6 ಬೀಳುತ್ತದೆ, 8 ಕೂಡ ಹಾಗೇ. 2 ಮತ್ತು 12 ಒಂದೊಂದೇ ಸಲ. ಎಲ್ಲಕ್ಕಿಂತ ಜಾಸ್ತಿ ಬೀಳುವುದು 7. ಅದು ಬಿದ್ದಾಗ ಕೈಯಲ್ಲಿ ಏಳಕ್ಕಿಂತ ಹೆಚ್ಚು ಎಲೆ ಇದ್ದವರು ಅರ್ಧ ಕಳೆದುಕೊಳ್ಳುತ್ತಾರೆ. ಕೂಡಿಡುವ ಜಿಪುಣರಿಗೆ ಇದು ಒಳ್ಳೇ ಮದ್ದು.

ಜಗಳ ಇಷ್ಟಪಡದ ಮನೆಗೆ ಟಿಕೆಟ್ ಟು ರೈಡ್ ಸಾಕು. ಅಲನ್ ಮೂನ್ 2004ರಲ್ಲಿ ತಂದ ರೈಲಿನ ಆಟ. ಇಂಡಿಯಾದ ನಕ್ಷೆಯೂ ಇದೆ, ಆದರೆ ಅದನ್ನು ಆಡಲು ಮೂಲ ಪೆಟ್ಟಿಗೆಯ ರೈಲುಗಳು ಬೇಕು. ಗೊತ್ತಿಲ್ಲದೆ ನಕ್ಷೆ ಮಾತ್ರ ತರಿಸಿಕೊಂಡು ಪೆಚ್ಚಾಗಬೇಡಿ.

ಡಿ ಅಂಡ್ ಡಿಗೆ ಹೋಗುವ ಮುಂಚೆ ಪ್ಯಾಂಡೆಮಿಕ್ ಒಮ್ಮೆಯಾದರೂ ಆಡಿ. ಮ್ಯಾಟ್ ಲೀಕಾಕ್ ಅವರ 2008ರ ಆಟ. ಇದರಲ್ಲಿ ಎದುರಾಳಿಯೇ ಇಲ್ಲ. ಎಲ್ಲರೂ ಒಂದೇ ಪಕ್ಷ, ನಾಲ್ಕು ರೋಗಗಳಿಗೆ ಮದ್ದು ಹುಡುಕಬೇಕು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಒಂದೇ ತೊಂದರೆ, ಜೋರು ದನಿಯವರು ಎಲ್ಲರ ಸರದಿಯನ್ನೂ ತಾವೇ ಆಡಿಬಿಡುತ್ತಾರೆ. ನಮ್ಮಲ್ಲಿ ಅದು ಭಾವ. ಅದಕ್ಕೇ ಒಂದು ನಿಯಮ ಮಾಡಿದೆವು: ಎಲ್ಲಕ್ಕೂ ಮೊದಲು ಚಿಕ್ಕವರು ಮಾತಾಡಬೇಕು, ಕೊನೆಗೆ ಭಾವ.

ಹೆಜ್ಜೆ 7: ಹಲಗೆ ಇಲ್ಲದ ಆಟ

ಡಂಜನ್ಸ್ ಅಂಡ್ ಡ್ರಾಗನ್ಸ್ ಹುಟ್ಟಿದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅದನ್ನು ಕಟ್ಟಿದವರು. ಇದನ್ನು ವಿವರಿಸಲು ಹೊರಟವರು ಸಾಮಾನ್ಯವಾಗಿ ಮಾಂತ್ರಿಕರು, ಡ್ರ್ಯಾಗನ್ನು ಅಂತ ಶುರು ಮಾಡುತ್ತಾರೆ. ಕೇಳುವವರಿಗೆ ಅಲ್ಲೇ ತಲೆ ಕೆಡುತ್ತದೆ. ನಾನು ಮೇಷ್ಟ್ರಿಗೆ ಹೇಳಿದ್ದು ಒಂದೇ ಮಾತು: "ತಾಳಮದ್ದಳೆ ಸಾರ್."

ಯೋಚನೆ ಮಾಡಿ. ತಾಳಮದ್ದಳೆ ಅಂದರೆ ಕೂತು ಮಾತಲ್ಲೇ ಆಡುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಸುಮ್ನೆ ಕೂತಿರುತ್ತಾರೆ. ಪ್ರಸಂಗದ ಪದ್ಯ ಇರುತ್ತದೆ, ಆದರೆ ಮಾತು ಬರೆದಿಟ್ಟದ್ದಲ್ಲ. ಕರ್ಣನಾದವರು ಕರ್ಣನಾಗಿ ಆಗಲೇ ಯೋಚಿಸಿ ಆಗಲೇ ಉತ್ತರ ಕೊಡಬೇಕು. ಪದ್ಯ ಹಾಡುವ ಭಾಗವತರು ಎಲ್ಲವನ್ನೂ ಹಿಡಿದು ನಡೆಸುತ್ತಾರೆ. ಇಲ್ಲೂ ಹಾಗೇ. ಒಬ್ಬರು ಕಥೆ ನಡೆಸುವವರು. ಅವರಿಗೆ ಡಂಜನ್ ಮಾಸ್ಟರ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಭಾಗವತ. ಉಳಿದವರು ಒಂದೊಂದು ಪಾತ್ರ. ವ್ಯತ್ಯಾಸ ಒಂದೇ: ಇಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ, ಭಾಗವತನಿಗೂ. ಅದನ್ನು ದಾಳ ಹೇಳಬೇಕು.

ಬೇಕಾದ ಸಾಮಾನು ಕಡಿಮೆ. ಮೂಲ ನಿಯಮಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಏಳು ದಾಳದ ಒಂದು ಕಟ್ಟು ಕೊಳ್ಳಿ: 4, 6, 8, 12, 20 ಮುಖದ್ದು ಒಂದೊಂದು, 10 ಮುಖದ್ದು ಎರಡು. ಪೆನ್ಸಿಲ್, ರಬ್ಬರ್, ಕಾಗದ. ಶುರುವಿಗೆ ಬೊಂಬೆ, ನಕ್ಷೆ ಏನೂ ಬೇಡ.

ಪಾತ್ರ ಮಾಡುವುದು: ಮೊದಲ ದಿನ ಸಿದ್ಧ ಪಾತ್ರಗಳನ್ನೇ ಹಂಚಿ. ನಾಲ್ಕು ಬಗೆ ಸಾಕು: ಕತ್ತಿ ಹಿಡಿಯುವವರು, ಕಳ್ಳ, ಮಂತ್ರವಾದಿ, ದೇವರ ಬಲದಿಂದ ಗಾಯ ವಾಸಿ ಮಾಡುವ ಪೂಜಾರಿ. ಸ್ವಂತ ಪಾತ್ರ ಬೇಕೆಂದರೆ 15, 14, 13, 12, 10, 8 ಈ ಆರು ಅಂಕಗಳನ್ನು ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಅನ್ನುವ ಆರು ಗುಣಗಳಿಗೆ ಹಂಚಿಕೊಳ್ಳಬೇಕು. ಅಂಕದಿಂದ ಹತ್ತು ಕಳೆದು ಅರ್ಧ ಮಾಡಿದರೆ ದಾಳಕ್ಕೆ ಕೂಡಿಸುವ ಸಂಖ್ಯೆ ಸಿಗುತ್ತದೆ. 14 ಮತ್ತು 15ಕ್ಕೆ ಎರಡು ಕೂಡಿ, 12 ಮತ್ತು 13ಕ್ಕೆ ಒಂದು, 10ಕ್ಕೆ ಏನಿಲ್ಲ, 8ಕ್ಕೆ ಒಂದು ಕಳೆಯಿರಿ.

ಆಟದ ಉಸಿರು ಇಷ್ಟೇ: ಭಾಗವತ ಎದುರಿಗೆ ಏನಿದೆ ಅಂತ ಹೇಳುತ್ತಾನೆ. ಆಡುವವರು ತಾವೇನು ಮಾಡುತ್ತೇವೆ ಅಂತ ಹೇಳುತ್ತಾರೆ. ಅನುಮಾನವೇ ಇಲ್ಲದ ಕೆಲಸವಾದರೆ ಆಗಿಯೇ ಹೋಯಿತು. ಆಗುತ್ತೋ ಇಲ್ಲವೋ ಅನ್ನುವ ಕೆಲಸವಾದರೆ ಇಪ್ಪತ್ತು ಮುಖದ ದಾಳ ಎಸೆದು ಗುಣದ ಸಂಖ್ಯೆ ಕೂಡಿಸಬೇಕು. ಸಲೀಸಾದ ಕೆಲಸಕ್ಕೆ 10 ದಾಟಬೇಕು ಅಥವಾ ಮುಟ್ಟಬೇಕು, ಸಾಧಾರಣಕ್ಕೆ 15, ಕಷ್ಟದ್ದಕ್ಕೆ 20. ಕವಡೆಯ ಲೆಕ್ಕ ನೆನಪಿದೆಯಲ್ಲ? ಇಲ್ಲಿ ಪ್ರತಿ ಮುಖಕ್ಕೂ ನೂರಕ್ಕೆ ಐದು ಸಾಧ್ಯತೆ. ಎರಡು ಕೂಡಿಸುವವರು 15 ಮುಟ್ಟಲು ದಾಳದಲ್ಲಿ 13 ಅಥವಾ ಮೇಲೆ ಬೀಳಬೇಕು. ಅಂದರೆ 20ರಲ್ಲಿ 8 ಸಲ, ನೂರಕ್ಕೆ 40.

ನಮ್ಮ ಮೊದಲ ಸಂಜೆ ನಡೆದದ್ದು ಹೀಗೆ. ಒಂದು ಹಳ್ಳಿ. ಕೆರೆಯ ನೀರು ರಾತ್ರೋರಾತ್ರಿ ಇಳಿಯುತ್ತಿದೆ. ತೂಬಿನ ಒಳಗೆ ಸುರಂಗ, ಸುರಂಗದ ಬಾಯಲ್ಲಿ ಒಬ್ಬ ಗಾಬ್ಲಿನ್, ಅಂದರೆ ಕುಳ್ಳ ರಕ್ಕಸ, ಈಟಿ ಹಿಡಿದು ನಿಂತಿದ್ದಾನೆ.

"ಮಾವ, ನಾನು ಬಾಣ ಬಿಡ್ತೀನಿ" ಅಂದಳು ಅಕ್ಕನ ಮಗಳು.

"ತಡಿಯೇ" ಅಂದಳು ಪೂಜಾರಿ ಪಾತ್ರದ ಅಮ್ಮ. "ನಾನು ಅವನ ಹತ್ರ ಹೋಗಿ ಊಟ ಆಯ್ತಾ ಅಂತ ಕೇಳ್ತೀನಿ."

ನಾನು ಎರಡು ಗಂಟೆ ಕೂತು ಆ ಹೊಡೆದಾಟ ತಯಾರು ಮಾಡಿದ್ದೆ. ಭಾಗವತನಾದವನಿಗೆ ಇಂಥ ಹೊತ್ತಲ್ಲೇ ಪರೀಕ್ಷೆ. "ಹಾಗೆಲ್ಲ ಆಗಲ್ಲಮ್ಮ" ಅಂದರೆ ಆಟ ಅಲ್ಲೇ ಸತ್ತಂತೆ. ವರ್ಚಸ್ಸಿನ ಮೇಲೆ ದಾಳ ಹಾಕು, 15 ಬೇಕು ಅಂದೆ. ಎಲ್ಲ ಸೇರಿ 18 ಬಂತು. ಗಾಬ್ಲಿನ್ ಎರಡು ದಿನದಿಂದ ಉಪವಾಸ ಇದ್ದನಂತೆ! ರೊಟ್ಟಿ ತಿಂದು ಒಳಗಿನ ಗುಟ್ಟೆಲ್ಲ ಹೇಳಿದ. ಮುಂದೆ ಕಳ್ಳನ ಪಾತ್ರದ ಮೇಷ್ಟ್ರಿಗೆ ಬೀಗ ಮುರಿಯಲು ಹೇಳಿದರೆ, ಬಾಗಿಲು ತಟ್ಟಿ "ಒಳಗೆ ಯಾರಾದರೂ ಇದ್ದೀರಾ?" ಅಂದರು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಕಳ್ಳತನ ಒಂದೇ ದಿನಕ್ಕೆ ಬರುತ್ತದೆಯೇ?

ಹೊಡೆದಾಟ ಬಂದೇ ಬಂದರೆ ಗೊಂದಲ ಬೇಡ. ಎಲ್ಲರೂ ದಾಳ ಎಸೆದು ಚುರುಕಿನ ಸಂಖ್ಯೆ ಕೂಡಿಸಿ. ದೊಡ್ಡ ಸಂಖ್ಯೆಯವರ ಸರದಿ ಮೊದಲು. ಹೊಡೆಯುವವರು ಮತ್ತೆ ದಾಳ ಎಸೆದು, ಎದುರಾಳಿಯ ರಕ್ಷಣೆಯ ಸಂಖ್ಯೆ ಮುಟ್ಟಿದರೆ ಏಟು ಬಿತ್ತು. ಏಟು ಎಷ್ಟು ಅಂತ ಆಯುಧದ ದಾಳ ಹೇಳುತ್ತದೆ. ಹೊಡೆಯುವಾಗ ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ ಆಯುಧದ ದಾಳವನ್ನು ಎರಡು ಸಲ ಎಸೆಯಬಹುದು.

ಭಾಗವತನಾಗುವವರು ನಲವತ್ತು ಪುಟ ಬರೆಯಬೇಡಿ. ಎರಡು ಗಂಟೆಯ ಆಟಕ್ಕೆ ಒಂದು ಜಾಗ, ಒಂದು ತಾಪತ್ರಯ, ಮಾತಾಡಿಸಲು ಮೂರು ಜನ, ಒಂದು ಹೊಡೆದಾಟ ಇದ್ದರೆ ಸಾಕು. ನಿಯಮ ನೆನಪಾಗದಿದ್ದರೆ ಪುಸ್ತಕ ತಿರುವುತ್ತಾ ಕೂರಬೇಡಿ. ಆ ಹೊತ್ತಿಗೆ ಸರಿ ಅನ್ನಿಸಿದ್ದನ್ನು ಹೇಳಿ ಮುಂದೆ ಹೋಗಿ, ಮಾರನೇ ದಿನ ನೋಡಿಕೊಂಡರಾಯಿತು. ಪಾತ್ರದ ದನಿಯಲ್ಲಿ ಮಾತಾಡಲು ನಾಚಿಕೆ ಪಡುವವರನ್ನು ಒತ್ತಾಯ ಮಾಡಬೇಡಿ. "ನನ್ನ ಪಾತ್ರ ಹೀಗೆ ಹೇಳುತ್ತಾನೆ" ಅಂದರೂ ಆಟ ನಡೆಯುತ್ತದೆ. ಹೆದರಿಕೆ, ಸಾವಿನ ಯಾವ ಸಂಗತಿ ಕಥೆಯಲ್ಲಿ ಬೇಡ ಅಂತ ಮೊದಲೇ ಎಲ್ಲರನ್ನೂ ಕೇಳಿಕೊಳ್ಳಿ.

ದೂರದಲ್ಲಿರುವವರನ್ನೂ ಸೇರಿಸಿಕೊಳ್ಳಬಹುದು. ಹಲಗೆ ಇಲ್ಲದ ಆಟ ಆದ್ದರಿಂದ ವಿಡಿಯೋ ಕಾಲ್ ಸಾಕು. ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗ ಬೆಳಗಿನ ಕಾಫಿ ಹಿಡಿದು ಕೂರುತ್ತಾನೆ, ಇಲ್ಲಿ ನಮಗೆ ರಾತ್ರಿ ಊಟ ಆಗಿರುತ್ತದೆ. ದಾಳ ಅವನದ್ದು ಅವನೇ ಎಸೆಯುತ್ತಾನೆ. ಅವನಿಗೆ 20 ಜಾಸ್ತಿ ಬೀಳುತ್ತದೆ ಅನ್ನುವುದು ಭಾವನ ಗುಮಾನಿ.

ಹೆಜ್ಜೆ 8: ಎದ್ದು ಹೋಗುವ ಮುಂಚೆ

ಕಥೆ ಎಲ್ಲಿ ನಿಂತಿತು, ಯಾರ ಕೈಯಲ್ಲಿ ಏನಿದೆ, ಯಾರಿಗೆ ಎಷ್ಟು ಗಾಯ ಆಗಿದೆ ಅಂತ ನಾಲ್ಕು ಸಾಲು ಬರೆದಿಡಿ. ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಮುಂದಿನ ದಿನಾಂಕವನ್ನು ಎಲ್ಲರೂ ಕೂತಿರುವಾಗಲೇ ಗೊತ್ತು ಮಾಡಿ. ಆಮೇಲೆ ವಾಟ್ಸಾಪಿನಲ್ಲಿ ಕೇಳಿದರೆ ತಿಂಗಳು ಕಳೆದರೂ ಗೊತ್ತಾಗಲ್ಲ. ಕೊನೆಗೆ ದಾಳ ಎಣಿಸಿ ಚೀಲಕ್ಕೆ ಹಾಕಿ. ಏಳು ಇರಬೇಕು. ನಾಲ್ಕು ಮುಖದ್ದು ಕಾಣದಿದ್ದರೆ ಹುಡುಕುತ್ತಾ ಕೂರಬೇಡಿ. ಬೆಳಿಗ್ಗೆ ಬರಿಗಾಲಲ್ಲಿ ನಡೆಯುವಾಗ ಅದೇ ಸಿಗುತ್ತದೆ.